ಬೈಗುಳವಿಲ್ಲದ ಮನೆ

ಅಕ್ಕಾ,

ನೀನು ಹೋದ ಮೇಲೆ ಪವಿತ್ರಳನ್ನು ಹರಪನಹಳ್ಳಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದೆ. ಭಾವ ಮೊದಲೇ ಹೋಗಿದ್ದರು. ಇನ್ನೆಲ್ಲಿಗೆ ಹೋಗಬೇಕಿತ್ತು ನಿನ್ನ ಮಗಳು? ಇಲ್ಲಿಯೇ ಹತ್ತನೇ ತರಗತಿಗೆ ಸೇರಿಸಿದ್ದೇನೆ. ಓದುತ್ತಾಳೆ, ಊಟ ಸರಿಯಾಗಿ ಮಾಡುತ್ತಾಳೆ. ಆದರೆ ನಾನು ಬರೆಯಲು ಕೂತದ್ದು ಅವಳ ಮಾತಿನ ವಿಷಯಕ್ಕೆ.

ಹಡಗಲಿ ಬಸ್ ಸ್ಟ್ಯಾಂಡಿನ ಎದುರು ನಿನ್ನ ಹೂವಿನ ಬುಟ್ಟಿಯ ಪಕ್ಕ ನಾನು ಕೂತಿದ್ದ ಆ ಸಂಜೆ ನೆನಪಿದೆಯೇ? ನೀನು ಮಲ್ಲಿಗೆ ಕಟ್ಟುತ್ತಿದ್ದೆ, ಅವಳು ಮಾರುತ್ತಿದ್ದಳು. “ಬರ್ರಿ ಅಕ್ಕಾರ, ಈಗ ಬಂದ ಮೊಗ್ಗು ನೋಡ್ರಿ.” ಅಷ್ಟರಲ್ಲಿ ಅವಳ ಟೀಚರ್ ಬಂದರು. “ನಾಳೆ ತಪ್ಪದೆ ಪ್ರಾಜೆಕ್ಟ್ ತರುತ್ತೇನೆ ಮಿಸ್,” ಎಂದು ಪುಸ್ತಕದ ಕನ್ನಡ. ಗೆಳತಿ ಸೈಕಲ್ ಮೇಲೆ ಹೊರಟರೆ, “ಲೇ, ನಿಲ್ಲಲೇ, ನೋಟ್ಸ್ ಕೊಟ್ಟು ಹೋಗು.” ನಿನ್ನ ಕಡೆ ತಿರುಗಿದಾಗ ಮಾತ್ರ, “ಅವ್ವಾ, ಸಡಲ ಕಟ್ಟಬ್ಯಾಡ ಅಂತ ಎಷ್ಟು ಸಲ ಹೇಳಬೇಕು ನಿನಗ? ಕಿವಿ ಅದಾವೋ ಇಲ್ಲೋ?” ನೀನು ದಾರ ಹಲ್ಲಿನಲ್ಲಿ ಕಡಿದು ನನಗೆ ದೂರು ಹೇಳಿದೆ. “ನೋಡು ತಮ್ಮಾ, ಊರ ಮಂದಿಗೆಲ್ಲ ಬೆಲ್ಲ ಹಂಚತಾಳ. ನನಗ ಮಾತ್ರ ಖಾರ.”

ನಮ್ಮ ಮನೆಗೆ ಬಂದ ಮೊದಲ ದಿನಗಳಲ್ಲಿ ಅವಳಿಗೆ ಫೋನುಗಳು ಬರುತ್ತಲೇ ಇದ್ದವು. ನಿನ್ನ ಸುದ್ದಿಯನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಿದಳು. ಹಳೆಯ ಶಾಲೆಯವರಿಗೆ, “ನಮ್ಮ ತಾಯಿ ತೀರಿಕೊಂಡರು ಸರ್.” ಹೂವಿನ ಗಿರಾಕಿಗಳಿಗೆ, “ಅವ್ವ ಇಲ್ಲರಿ. ಇನ್ನ ಹೂವು ಬರಂಗಿಲ್ಲರಿ.” ಗೆಳತಿಗೆ, “ನಮ್ಮವ್ವ ಹೋಗಿಬಿಟ್ಲಲೇ.” ಧ್ವನಿ ಎಲ್ಲೂ ನಡುಗಲಿಲ್ಲ. ಆ ಕಡೆಯವರನ್ನೇ ಇವಳು ಸಮಾಧಾನ ಮಾಡುತ್ತಿದ್ದಳು. ಇವಳು ಯಾರ ಮುಂದೆ ಅತ್ತಳೋ...

ಇಲ್ಲಿನ ಮಾತು ದಾವಣಗೆರೆ ಕಡೆ ವಾಲುತ್ತದೆ ಎಂದು ನೀನೇ ನಗುತ್ತಿದ್ದೆಯಲ್ಲ, ಅದನ್ನೂ ಬೇಗ ಹಿಡಿದಳು. ಪಕ್ಕದ ಮನೆಯವರ ಹತ್ತಿರ ಅವರ ಹಾಗೆಯೇ ಆಡುತ್ತಾಳೆ. ನನ್ನ ಹೆಂಡತಿಗೆ, “ಅತ್ತಿ, ಪಾತ್ರಿ ನಾ ತೊಳಿತೀನ್ರಿ.” ನನಗೆ, “ಊಟಕ್ಕ ಬರ್ರಿ ಮಾಮಾ.” ಮುನಿಸು ಇಲ್ಲ, ಹಟ ಇಲ್ಲ. ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡು ಎದ್ದಳು. ಎಂಥ ಹುಡುಗಿ ಎಂದು ಓಣಿಯವರು ಹೊಗಳಿದರು. ನನ್ನ ಹೆಂಡತಿ ಮಾತ್ರ, “ಇದು ಮನಿ ಮಗಳ ಮಾತಲ್ಲರಿ, ಬಂದು ಹೋಗೋ ಬೀಗರ ಮಾತು,” ಎಂದಳು. ಹೌದು ಅಕ್ಕಾ, ಬುಟ್ಟಿಯ ಮುಂದೆ ನಿಂತವರಿಗೆ ಹಂಚುತ್ತಿದ್ದ ಬೆಲ್ಲ ಅದೇ. ನಾವು ಅವಳಿಗೆ ಕೊನೆಯವರೆಗೂ ಗಿರಾಕಿಗಳೇ ಏನು?

ಕಳೆದ ವಾರ ನನಗೆ ಜ್ವರ ಬಂತು. ದವಾಖಾನೆಗೆ ಹೋಗೋಣ ಎಂದು ಹೆಂಡತಿ ಕರೆದರೆ, “ಏನಾಗಿಲ್ಲ, ನಾಳೆ ನೋಡೋಣ,” ಎಂದು ಹೊದ್ದು ಮಲಗಿದೆ. ಪವಿತ್ರ ಗಂಜಿ ತಂದಿದ್ದಳು. ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

“ನಾಳಿ ನಾಳಿ ಅನಕೋತ ಬಿದ್ದಿರು. ನಮ್ಮವ್ವನೂ ಎದಿ ಹಿಡಕೊಂಡು ಹೂವು ಕಟ್ಟಕೋತ ಹಿಂಗ ಅಂದ್ಲು. ನಾ ಎಷ್ಟು ಬೈದ್ರೂ ಕೇಳಲಿಲ್ಲ. ನಿನಗರ ಬುದ್ಧಿ ಐತೇನು ಮಾಮಾ? ಏಳು ಮ್ಯಾಲೆ.”

ನೀನು ಎದೆನೋವು ಮುಚ್ಚಿಟ್ಟದ್ದು ನನಗೆ ಗೊತ್ತಾದದ್ದು ಆಗಲೇ. ಅವಳು ಅಲ್ಲೇ ಕುಸಿದು ಕೂತು, ನಮ್ಮಿಬ್ಬರ ಮುಂದೆ ಮೊದಲ ಸಲ ಅತ್ತಳು. ನನ್ನ ಹೆಂಡತಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನಾನು ಎದ್ದು ಅಂಗಿ ಹಾಕಿಕೊಂಡೆ.

ದವಾಖಾನೆಯಲ್ಲಿ ನರ್ಸಿಗೆ, “ಮೇಡಂ, ನಮ್ಮ ಮಾಮನಿಗೆ ನಿನ್ನೆಯಿಂದ ಜ್ವರ ಇದೆ, ಸ್ವಲ್ಪ ಬೇಗ ನೋಡ್ತೀರಾ?” ಎಂದಳು. ಮರುಗಳಿಗೆ ನನಗೆ, “ಅಂಗಿ ತೋಳು ಮಡಚು. ಸೂಜಿ ಅಂದ್ರ ಸಣ್ಣ ಹುಡುಗರಂಗ ಮಾರಿ ಕಿವಿಚಬ್ಯಾಡ.”

“ಬಾಳ ಜೋರ ಅದಾಳಲ್ರಿ,” ಎಂದು ನರ್ಸ್ ನಕ್ಕರು.

“ಮನಿಯವರ ಜೊತಿ ಹಂಗರಿ,” ಎಂದೆ.

ಸಾದಾ ಜ್ವರ, ಇಳಿದಿದೆ. ನಿನ್ನೆ ಸಾರಿಗೆ ಉಪ್ಪಿಲ್ಲ ಎಂದು ಅತ್ತೆಗೂ ಬೈದಳು. ನನ್ನ ಹೆಂಡತಿ ಉಪ್ಪು ತರಲು ಒಳಗೆ ಹೋದವಳು ಕಣ್ಣೊರೆಸಿಕೊಂಡು ಬಂದಳು. ಯಾರಾದರೂ ಈ ಹುಡುಗಿಗೆ ಹಿರಿಯರ ಹತ್ತಿರ ಹೇಗೆ ಮಾತಾಡಬೇಕೆಂದು ಬುದ್ಧಿ ಹೇಳಲು ಬಂದರೆ, ನಾನು ಅಡ್ಡ ನಿಲ್ಲುತ್ತೇನೆ. ನಿನ್ನ ಪಾಲಿನ ಖಾರ ಈಗ ನಮಗೆ ಬರುತ್ತಿದೆ.

ಗುಳಿಗೆ ನುಂಗಿದೆಯೋ ಇಲ್ಲವೋ ಎಂದು ಒಳಗಿನಿಂದ ಕೂಗುತ್ತಿದ್ದಾಳೆ. ಏಳುತ್ತೇನೆ ಅಕ್ಕಾ.

ನಿನ್ನ ತಮ್ಮ