ಹುಲೆಪ್ಪ ಮೆಚ್ಚಿದ ಸೊಟ್ಟ ನೌಕೆ

ಬನಹಟ್ಟಿ
ಗುರುವಾರ, 12 ಮಾರ್ಚ್ 2026

ಪ್ರೀತಿಯ ತಮ್ಮ ವೀರಣ್ಣಾ,

ಸೀರೆಯ ಅಂಚು ಕೆಡಿಸಿದ ಮಗ್ಗದ ಆ ಕಾರ್ಡನ್ನು ಉಲ್ಟಾ ಕಟ್ಟಿದ್ದು ನಾನು, ನೀನಲ್ಲ. ಈ ಮಾತು ಬಿಟ್ಟು ಎರಡು ಸಲ ಪತ್ರ ಬರೆದು ಹರಿದುಹಾಕಿದೆ. ಈ ಸಲ ಮೊದಲೇ ಬರೆದುಬಿಟ್ಟಿದ್ದೇನೆ.

ಈಗ ಕೇಳುತ್ತೇನೆ, ಆರಾಮಿದ್ದೀಯಾ? ನೂಲಿನ ಧೂಳಿಗೆ ಬರುತ್ತಿದ್ದ ಕೆಮ್ಮು ಇನ್ನೂ ಇದೆಯೆ? ಅವ್ವನಿಗೆ ಮೊಣಕಾಲು ನೋವು, ಆದರೂ ರೊಟ್ಟಿ ಬಡಿಯುವುದನ್ನು ನನಗೆ ಬಿಟ್ಟುಕೊಡುವುದಿಲ್ಲ. ಅಪ್ಪ ಈಗಲೂ ಸದ್ದು ಕೇಳಿಯೇ ಯಾವ ಮಗ್ಗ ಕೆಟ್ಟಿದೆ ಎಂದು ಹೇಳುತ್ತಾನೆ. ನಾನು ಅದೇ ರಬಕವಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇದನ್ನು ಓದುತ್ತಿರುವವರು ನೀನಲ್ಲದೆ ಬೇರೆ ಯಾರಾದರೂ ಆಗಿದ್ದರೆ ಕ್ಷಮಿಸಲಿ. ಆ ಅನುಮಾನ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಕಳೆದ ಜೂನ್‌ನಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಚಿತ್ರ ಹುಡುಕುವಾಗ ಫೋನಿನಲ್ಲಿ ಒಂದು ಗುಂಪು ಸಿಕ್ಕಿತು. ಸಿನಿಮಾ, ಕಥೆಗಳ ಬಾಹ್ಯಾಕಾಶ ನೌಕೆಗಳಲ್ಲಿ ನೋಡಲು ವಿಚಿತ್ರವಾದವನ್ನೇ ಹೆಕ್ಕಿ ತಂದು ವಾದ ಮಾಡುವ ಕನ್ನಡದ ಅಭಿಮಾನಿಗಳು. ಬೇರೆ ಹೆಸರಿನಲ್ಲಿ ಸೇರಿಕೊಂಡೆ. ಪ್ರತಿ ಶುಕ್ರವಾರ ಒಂದು ನೌಕೆ. ಒಂದು ಕುಕ್ಕರಿನಂತೆ, ಸೀಟಿ ಮಾತ್ರ ಪಕ್ಕಕ್ಕೆ. ಇನ್ನೊಂದು ಎರಡು ಬಕೆಟ್ಟುಗಳನ್ನು ಬಾಯಿಗೆ ಬಾಯಿ ಹಚ್ಚಿಟ್ಟಂತೆ. ಇದನ್ನು ಬಿಡಿಸಿದವನಿಗೆ ಆವತ್ತು ಊಟ ಸಿಕ್ಕಿರಲಿಲ್ಲ ಎಂದು ಒಬ್ಬರು. ಅಲ್ಲಿ ಗಾಳಿಯೇ ಇಲ್ಲ, ಚೂಪು ಮೂಗು ಯಾಕೆ ಬೇಕು ಎಂದು ಇನ್ನೊಬ್ಬರು. ಮೊದಲು ನಕ್ಕು ಬಿಟ್ಟೆ. ಆಮೇಲೆ ಹುಲೆಪ್ಪ ಎಂಬ ಹೆಸರಿನವನ ಮಾತುಗಳನ್ನು ಮಾತ್ರ ಹುಡುಕಿ ಓದತೊಡಗಿದೆ. ಎಲ್ಲರೂ ಹಳಿಯುವ ನೌಕೆಯನ್ನೇ ಅವನು ವಹಿಸಿಕೊಳ್ಳುತ್ತಿದ್ದ. ಕುಕ್ಕರಿನ ಬಗ್ಗೆ, "ರಿಪೇರಿ ಮಾಡಾಂವ ಎಲ್ಲಿ ಕುಂಡ್ರಬೇಕು ಅನ್ನೂದನ್ನ ಇದನ್ನ ಮಾಡಿದಾಂವ ಖರೇನ ವಿಚಾರ ಮಾಡ್ಯಾನ" ಎಂದು ಬರೆದ. ಮಗ್ಗದ ಕೆಳಗೆ ತಾಸುಗಟ್ಟಲೆ ಮಲಗಿದವನಲ್ಲದೆ ಬೇರೆ ಯಾರು ನೌಕೆಯನ್ನು ಹೀಗೆ ನೋಡುತ್ತಾರೆ ಎಂದುಕೊಂಡೆ. ಮರುಕ್ಷಣವೇ, ಲಾರಿ ರಿಪೇರಿಯವನೂ ನೋಡಬಹುದಲ್ಲ ಎನ್ನಿಸಿತು.

ಡಿಸೆಂಬರಿನಲ್ಲಿ ಎಡರೆಕ್ಕೆ ಸೊಟ್ಟಗಿದ್ದ ನೌಕೆಯೊಂದು ಬಂತು. ಎಲ್ಲರೂ ಆಡಿಕೊಂಡರು. ಹುಲೆಪ್ಪ ಬರೆದ: "ನೌಕಿ ಛಲೋನ ಐತಿ. ಒಂದು ಕಾರ್ಡು ಉಲ್ಟಾ ಬಿದ್ದೈತಿ, ಅಷ್ಟ." ಯಾರಿಗೂ ತಿಳಿಯಲಿಲ್ಲ. ಮಗ್ಗದ ಮೇಲೆ ತೂತು ಹೊಡೆದ ಕಾರ್ಡುಗಳ ಸರ ಸುತ್ತುತ್ತದೆ, ಯಾವ ಎಳೆ ಏಳಬೇಕೆಂದು ಆ ತೂತುಗಳೇ ಹೇಳುತ್ತವೆ, ಒಂದು ತಿರುಗಿದರೆ ಅಂಚಿನ ಹಂಸದ ಕತ್ತು ಮುರಿಯುತ್ತದೆ ಎಂದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು.

ಆರು ವರ್ಷದ ಹಿಂದೆ ನೀನು ಗೆಳೆಯನ ಮದುವೆಗೆಂದು ಚಿಮ್ಮಡಕ್ಕೆ ಹೋದ ಮಧ್ಯಾಹ್ನ ಸರದ ದಾರ ಹರಿದಿತ್ತು. ಸಹಾಯವಾಗಲಿ ಎಂದು ಕಳಚಿಬಿದ್ದ ಹದಿನೇಳನೆಯ ಕಾರ್ಡನ್ನು ನಾನೇ ಕಟ್ಟಿದೆ, ಹೇಳಲು ಮರೆತೆ. ವ್ಯಾಪಾರಿ ಅಷ್ಟೂ ಸೀರೆ ವಾಪಸ್ ಕಳಿಸಿದ ದಿನ ಅಪ್ಪ ಕೆಲಸದವರೆದುರು, "ಕಾರ್ಡು ಕಟ್ಟಾಕ ಬರದಾಂವ ನೇಕಾರ ಹ್ಯಾಂಗ ಆದಿಲೇ? ಆ ಹಾರೂ ಡಬ್ಬಿಗೋಳ ಚಿತ್ರಾ ಬರಕೋಂತ ಕುಂಡ್ರು" ಎಂದು ನೀನು ಬಿಡಿಸುತ್ತಿದ್ದ ನೌಕೆಗಳನ್ನೂ ಹಂಗಿಸಿದಾಗ ಮರೆತಿರಲಿಲ್ಲ. ಸುಮ್ಮನೆ ನಿಂತಿದ್ದೆ. ಮರುದಿನ ನೀನಿರಲಿಲ್ಲ. ಆಮೇಲೆ ಯಾರೂ ಇಲ್ಲದಾಗ ಕಾರ್ಡು ಬಿಚ್ಚಿ ಸರಿಯಾಗಿ ಕಟ್ಟಿದೆ. ಕೆಟ್ಟದ್ದು ಎಷ್ಟನೆಯದೆಂದು ನನ್ನ ಹೊರತು ಯಾರಿಗೂ ತಿಳಿಯದೆಂದು ನಂಬಿದ್ದೆ.

ಅದಕ್ಕೇ ಗುಂಪಿನಲ್ಲಿ ಹುಲೆಪ್ಪನನ್ನು ಕೇಳಿದೆ: ಯಾವ ಕಾರ್ಡು? "ಹದಿನೇಳನೇದ್ದು" ಎಂದು ಬಂತು. ತಾಸಿನೊಳಗೆ ಅದನ್ನು ಅಳಿಸಿದ. ನಾನು ತಪ್ಪು ಓದಿದೆನೆ? ಅಥವಾ ಹೋಗುವ ಮುಂಚೆ ಸರ ಬಿಡಿಸಿ ನೋಡಿದ್ದೆಯಾ, ನನ್ನ ಗಂಟು ಗುರುತಿಸಿದ್ದೆಯಾ? ಗುರುತಿಸಿಯೂ ಬಾಯಿ ಬಿಡದೆ ಹೋದೆಯಾ? ವಿಳಾಸಕ್ಕಾಗಿಯೇ ಗುಂಪಿನವರು ಅಚ್ಚು ಹಾಕಿಸಿದ ಕ್ಯಾಲೆಂಡರನ್ನು ಎಲ್ಲರಿಗೂ ಅಂಚೆಯಲ್ಲಿ ಕಳಿಸುವ ಕೆಲಸವನ್ನು ನಾನು ಕೇಳಿ ಪಡೆದೆ. ಅದೂ ಒಂದು ಮೋಸವೇ. ಹುಲೆಪ್ಪ ಕೊಟ್ಟದ್ದು ಸೊಲ್ಲಾಪುರದ ಚಹದಂಗಡಿಯೊಂದರ ವಿಳಾಸ. ಮನೆಯದನ್ನೇಕೆ ಕೊಡಲಿಲ್ಲ? ಕೇಳಿದವಳು ಯಾರೆಂದು ನಿನಗೂ ಸಂಶಯ ಬಂದಿರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವನ ಆಶೀರ್ವಾದ ಬರೆಯಲಾರೆ, ಈ ಪತ್ರ ಅವಳಿಗೆ ಗೊತ್ತಿಲ್ಲ. ನನ್ನದಷ್ಟನ್ನೇ ಕಳಿಸುತ್ತಿದ್ದೇನೆ.

ನಿನ್ನ ಅಕ್ಕ,
ಕಾಂಚನಾ

ತಾ.ಕ.: ಅಪ್ಪನಿಗೆ ಇನ್ನೂ ಹೇಳಿಲ್ಲ. ರವಿವಾರ ಮುಂಜಾನೆ ಕೆಲಸದವರೆಲ್ಲ ಇರುವಾಗ, ಮಗ್ಗ ನಿಲ್ಲಿಸಿ, ಅವರೆದುರೇ ಹೇಳುತ್ತೇನೆ. ನೀನು ಬೈಸಿಕೊಂಡದ್ದೂ ಅವರೆದುರೇ. ಹೇಳಲು ಆಗದಿದ್ದರೆ ಇದನ್ನೂ ಹರಿದುಹಾಕುತ್ತೇನೆ. ಹೇಳಿದರೆ, ಅಂಚೆಗೆ ಹಾಕುವುದು ಸೋಮವಾರ, ಮಾರ್ಚ್ 16.