ಮಂಚದ ಮೇಲಿನ ಗೀಚನ್ನು ಅಳಿಸಿದವರಿಗೆ

ನೌಕಾ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ದಡಕ್ಕೆಳೆದು ನಿಲ್ಲಿಸಿರುವ ಜಲಾಂತರ್ಗಾಮಿಯೊಳಗೆ ನೀವು ಹೊಡೆಸಿರುವ ಕೆನೆಬಣ್ಣವನ್ನು ಮೂರು ತಿಂಗಳ ಹಿಂದೆ ಕಣ್ತುಂಬ ನೋಡಿ ಬಂದೆ. ಅದರಲ್ಲಿ ಅಂಗೈ ಅಗಲದಷ್ಟನ್ನು ಕೆರೆದು ತೆಗೆಯಿರಿ ಎಂದು ಎರಡು ಬಾರಿ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂದಿರಿ. ಪರಿಶೀಲಿಸಲು ಅಲ್ಲಿ ಏನು ಉಳಿಸಿದ್ದೀರಿ? ಅದಕ್ಕೇ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಅದರ ಎಂಜಿನ್ ಕೋಣೆಯಲ್ಲಿ ಒಂಬತ್ತು ವರ್ಷ ದುಡಿದವನು. “ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮಂಚ ಇತ್ತು” ಎಂದು ನಿಮ್ಮ ಮಾರ್ಗದರ್ಶಿ ಜನರಿಗೆ ವಿವರಿಸುತ್ತಿದ್ದ. ಯಾರಪ್ಪನ ಕಾಲದಲ್ಲಿ? ಇಬ್ಬರಿಗೆ ಒಂದು ಮಂಚ, ಸ್ವಾಮಿ. ನಾನು ಪಾಳಿಗೆ ಎದ್ದರೆ ಅವನು ಮಲಗಬೇಕು, ಅವನೆದ್ದರೆ ನಾನು. ನನ್ನ ಮಂಚದ ಪಾಲುಗಾರನಿಗೆ ಎಲ್ಲರೂ ‘ಗೊರಕೆ’ ಎಂದು ಹೆಸರಿಟ್ಟಿದ್ದರು. ಅವನು ಮಲಗಿದಾಗೆಲ್ಲ ಎಂಜಿನ್ ಪಕ್ಕದಲ್ಲಿರುತ್ತಿದ್ದ ನನಗೊಬ್ಬನಿಗೆ ಆ ಸಂಗೀತ ಕೇಳುವ ಭಾಗ್ಯವಿರಲಿಲ್ಲ. ಒಟ್ಟಿಗೆ ಕೂತು ಮಾತಾಡಲು ಪುರುಸೊತ್ತಿಲ್ಲದ ನಾವು ಮಂಚದ ಮೇಲಿನ ತಗಡಿನಲ್ಲಿ ಮೊಳೆಯಿಂದ ಗೀಚಿ ಮಾತಾಡುತ್ತಿದ್ದೆವು. “ದಿಂಬು ಒದ್ದೆ, ಮಗುಚಿ ಹಾಕ್ಕೋ.” “ನನ್ನ ಕಾಲುಚೀಲ ಕದ್ದವನು ನೀನೇ.” ಈಗ ಅಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟ ಬೊಂಬೆಯೊಂದು ಹೂವಿನ ಚಿತ್ರದ ಹಾಸಿಗೆಯಲ್ಲಿ ಮಲಗಿದೆ.

ಗೊರಕೆ ಗೀಚಿದ ಕೊನೆಯ ಸಾಲು: “ಮನೆಯಿಂದ ಸುದ್ದಿ ಬಂದ್ರೆ ಎಬ್ಬಿಸು.” ಅವನ ಹೆಂಡತಿಗೆ ದಿನ ತುಂಬಿತ್ತು. ಸುದ್ದಿ ಬಂತು, ಹೆಣ್ಣು ಮಗು. ರೇಡಿಯೋದವನು ಚೀಟಿಯನ್ನು ನನ್ನ ಕೈಗೆ ಕೊಟ್ಟ. ಎರಡು ಪಾಳಿ ಒಟ್ಟಿಗೆ ಮಾಡಿ ಈಗಷ್ಟೇ ಮಲಗಿದ್ದಾನೆ, ಪಾಪ, ಎದ್ದ ಮೇಲೆ ಹೇಳಿದರಾಯಿತು ಎಂದು ಜೇಬಿಗಿಳಿಸಿದೆ. ಅರ್ಧ ಗಂಟೆಯಲ್ಲಿ ಬ್ಯಾಟರಿ ಕೋಣೆಯಲ್ಲಿ ಹೊಗೆಯೆದ್ದು ಗಂಟೆ ಬಡಿಯಿತು. ಅವನು ಮಂಚದಿಂದ ಹಾರಿ ಬಂದು, ನನ್ನೆದುರೇ ಆ ಹೊಗೆಯೊಳಗೆ ಓಡಿಹೋದ. ಹೊರಗೆ ಬರಲಿಲ್ಲ. ಚೀಟಿಯನ್ನು ನಾನು ಮರುದಿನ ಸಮುದ್ರಕ್ಕೆಸೆದೆ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. “ಮಗು ಹುಟ್ಟಿದ್ದು ಅಣ್ಣಂಗೆ ಗೊತ್ತಿತ್ತು ಅತ್ತಿಗೆ, ಕುಣಿದಾಡಿಬಿಟ್ಟ” ಎಂದು ಅವರಿಗೆ ಹೇಳಿದೆ. ಇಪ್ಪತ್ತಾರು ವರ್ಷ ಅವರು ಮಗಳಿಗೂ ಅದನ್ನೇ ಹೇಳಿ ಬೆಳೆಸಿದರು. ನಿಜ ಹೇಳುವ ಎದೆ ನನಗಿರಲಿಲ್ಲ. ಜಲಾಂತರ್ಗಾಮಿಯನ್ನು ಸಾರ್ವಜನಿಕರಿಗೆ ತೆರೆದಿದ್ದಾರೆ ಎಂದು ಕೇಳಿದಾಗ, ಆ ಸಾಲಿನೆದುರು ನಿಂತರೆ ನಿಜ ತಾನಾಗಿ ಬಾಯಿಂದ ಬಂದೀತು ಎಂದುಕೊಂಡು ಅತ್ತಿಗೆಯನ್ನು ಕರೆತಂದೆ. ಬಗ್ಗಿ ನೋಡಿದರೆ ಬರೀ ಬಣ್ಣ. ತಡವಲು ಕೈಚಾಚಿದ್ದಕ್ಕೆ ನಿಮ್ಮ ಕಾವಲುಗಾರ ಸೀಟಿ ಊದಿದ.

“ಯಜಮಾನ್ರೇ, ಮುಟ್ಟಬೇಡಿ ಅಂತ ಬೋರ್ಡ್ ಹಾಕಿಲ್ವಾ? ಯಾರ್ಯಾರೋ ಗೀಚಿ ಗಲೀಜು ಮಾಡಿದ್ರು, ಎಲ್ಲಾ ಮುಚ್ಚಿ ನೀಟ್ ಮಾಡಿದೀವಿ.”

“ಏನೋ ತೋರಿಸ್ತೀನಿ ಅಂದ್ರಲ್ಲ?” ಎಂದರು ಅತ್ತಿಗೆ.

“ಏನಿಲ್ಲ ಬಿಡಿ. ನಾವು ಮಲಗ್ತಿದ್ದ ಜಾಗ.”

“ಇಷ್ಟು ಚೆನ್ನಾಗಿತ್ತಾ? ಸದ್ಯ, ನೆಮ್ಮದಿಯಾಗಿ ಮಲಗ್ತಿದ್ರಲ್ಲ” ಎಂದು ಕಣ್ಣೊರೆಸಿಕೊಂಡರು. ಮಾನ್ಯರೇ, ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೇಸಿಗೆಯೆಂದರೆ, ತುಸು ನಿರಾಳವೂ ಆಯಿತು.

ನೀವು ಸಂರಕ್ಷಿಸುತ್ತಿರುವುದಾದರೂ ಏನನ್ನು? ಟೋರ್ಪಿಡೋಗೆ ಫಲಕವಿದೆ, ಅಡುಗೆಯವನ ಸೌಟಿಗೆ ಗಾಜಿನ ಪೆಟ್ಟಿಗೆಯಿದೆ. ಮನುಷ್ಯನ ಕೈಬರಹ ಮಾತ್ರ ಗಲೀಜೇ? ಹೇಡಿತನ ನನ್ನದು, ಅದರ ಹೊಣೆ ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ನನ್ನ ಸುಳ್ಳಿಗೆ ಸರ್ಕಾರಿ ಮೊಹರು ಒತ್ತಿಕೊಟ್ಟವರು ನೀವು.

ಎಡಬದಿಯ ಮೂರನೆಯ ಮಂಚ, ಮೇಲಿನ ತಗಡು, ತಲೆಯ ಕಡೆ. ಮೊಳೆ ಆಳವಾಗಿ ಇಳಿದಿದೆ, ಬಣ್ಣದಡಿ ಸಾಲು ಇದ್ದೇ ಇರುತ್ತದೆ. ಒಂದು ವಾರದೊಳಗೆ ಕೆರೆಸಿ. ಕೆಲಸದವರಿಲ್ಲದಿದ್ದರೆ ನಾನೇ ಬರುತ್ತೇನೆ.

ಈ ಪತ್ರಿಕೆ ಅತ್ತಿಗೆಯ ಮನೆಗೂ ಬರುತ್ತದೆ. ನೀವಿದನ್ನು ಓದುವ ಹೊತ್ತಿಗೆ ಅವರು ಓದಿ ಮುಗಿಸಿರುತ್ತಾರೆ. “ಇದಾದರೂ ನಿಜವಾ?” ಎಂದು ಅವರು ಕೇಳಿದರೆ, ತೋರಿಸಲು ನನಗಿರುವುದು ಆ ಸಾಲೊಂದೇ.

ಇಂತಿ,
ಎಬ್ಬಿಸದೆ ಉಳಿದ ಮಂಚದ ಪಾಲುಗಾರ