ಚಹಾ ಆಯಿತೇ ಎಂದು ಕೇಳಿದವನು

ಬುಧವಾರ, ಜೂನ್ ೧೮, ವಡೋದರಾ

ಬೆಳಿಗ್ಗೆ ಮಕರಪುರದ ಕಾರ್ಖಾನೆಯೊಂದರಲ್ಲಿ ಕೆಲಸಗಾರರನ್ನು ಕೂರಿಸಿಕೊಂಡು ನಾನೇ ಹೇಳಿ ಬಂದಿದ್ದೆ: ಬ್ಯಾಂಕಿನವರು ಫೋನಿನಲ್ಲಿ ಓಟಿಪಿ ಕೇಳುವುದಿಲ್ಲ, ಕೇಳಿದವನು ಕಳ್ಳ. ಸಂಜೆ ಫೋನ್ ಮಾಡಿದವನೊಬ್ಬನಿಗೆ ಓಟಿಪಿಯ ಆರು ಅಂಕಿಗಳಲ್ಲಿ ನಾಲ್ಕನ್ನು ನಾನೇ ಓದಿ ಹೇಳಿಬಿಟ್ಟೆ. ಹದಿನೆಂಟು ವರ್ಷದ ಬ್ಯಾಂಕ್ ಸರ್ವಿಸ್! ನಾಚಿಕೆಯಾಗಬೇಕು ನನಗೆ.

ಹಿಂದಿಯಲ್ಲಿ ಮಾತಾಡಿದ್ದರೆ ಬೈದು ಇಟ್ಟುಬಿಡುತ್ತಿದ್ದೆ. ಅವನು, "ಅಕ್ಕಾರ, ನಿಮ್ಮ ಕಾರ್ಡಿನ್ಯಾಗ ಯಾರೋ ಸೂರತ್‌ನ್ಯಾಗ ಖರೀದಿ ಮಾಡ್ಯಾರ, ನಿಲ್ಲಸ್ಬೇಕೇನ್ರಿ?" ಎಂದ. ನಮ್ಮ ಧಾರವಾಡದ ಮಾತು. ಕಾರ್ಡಿನ ವಿಚಾರ ಬಿಟ್ಟು, "ಯಾವೂರಪಾ ನಿಂದು?" ಎಂದು ಕೇಳಿದೆ.

"ನಿಮ್ಮ ಕಡೆಯಾಂವನರಿ. ಚಾ ಆತೇನ್ರಿ?"

ಈ ಊರಿಗೆ ವರ್ಗವಾಗಿ ಬಂದು ಮೂರು ವರ್ಷ. ಯಾರು ನನ್ನನ್ನು ಹಾಗೆ ಕೇಳಿದ್ದಾರೆ?

ಹೊರರಾಜ್ಯಗಳಲ್ಲೇ ಬೆಳೆದ ಮಗಳು ಮನಸ್ವಿನಿಗೆ ಕನ್ನಡ ಅರ್ಧಂಬರ್ಧ. ಅವನ ಸವಿಮಾತು ಅವಳಿಗೆ ನಾಟಲಿಲ್ಲ, ನಾನು ಓದುತ್ತಿದ್ದ ಅಂಕಿಗಳಷ್ಟೇ ಕೇಳಿಸಿದವು. "ಮಮ್ಮಿ, ಫೋನ್ ಮೂಕಿ ದೇ!" ಫೋನ್ ಇಟ್ಟುಬಿಡು ಎಂದು ಗುಜರಾತಿಯಲ್ಲಿ ಕಿರುಚಿ, ಫೋನ್ ಕಸಿದು ಕರೆ ಕತ್ತರಿಸಿದಳು.

ಕಾರ್ಡ್ ಬ್ಲಾಕ್ ಮಾಡಿಸಿದೆ. ದೂರೂ ಕೊಟ್ಟೆ. ಆದರೂ ನಿದ್ದೆಯಿಲ್ಲ, ಎರಡು ಸಲ ಎದ್ದು ಫೋನ್ ನೋಡಿದೆ. ಅವನ ನಂಬರನ್ನೂ ಬ್ಲಾಕ್ ಮಾಡು ಎಂದಿದ್ದಾಳೆ ಮಗಳು. ಮಾಡಬೇಕು. ಅದೊಂದು ಮಾತ್ರ ಇನ್ನೂ ಮಾಡಿಲ್ಲ.